ಬಗ್ಗಿ ನೋಡಿದರೆ ಗೊತ್ತಾಗುವ ಕಾರು

ಚಿಕ್ಕಮಗಳೂರಿನಲ್ಲಿ ರ‍್ಯಾಲಿ ಇದ್ದರೆ ಊರಿನ ಮಾತೇ ಬದಲಾಗುತ್ತದೆ. ಹೋಟೆಲಿನಲ್ಲಿ ದೋಸೆ ತಿನ್ನುತ್ತಲೇ ಜನ ಟರ್ಬೊ, ಸಸ್ಪೆನ್ಷನ್, ಟೈರು ಅಂತ ಶುರು ಮಾಡುತ್ತಾರೆ. ನಮಗೆ ಜೀಪಿನ ದಾರಿಯಾದ ಕಾಫಿ ತೋಟದ ಮಣ್ಣುರಸ್ತೆಯೇ ರ‍್ಯಾಲಿಯವರಿಗೆ ಟ್ರ್ಯಾಕು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಕೂಡ ಇಲ್ಲಿ ನಡೆದಿದೆ. 2016ರಲ್ಲಿ ಗೌರವ್ ಗಿಲ್ ಆ ಚಾಂಪಿಯನ್‌ಷಿಪ್ ಗೆದ್ದದ್ದು ಸ್ಕೋಡಾ ಫೇಬಿಯಾ ಓಡಿಸಿ. ಅದೇ ಹೆಸರಿನ ಕಾರನ್ನು ನಮ್ಮ ಎಂ.ಜಿ. ರಸ್ತೆಯಲ್ಲೂ ನೋಡಿದ್ದೇವೆ, ಅಲ್ವಾ? ಹೆಸರೇನೋ ಒಂದೇ. ಕಾರು ಒಂದೇನಾ?

ಈ ಪ್ರಶ್ನೆಗೆ ನನಗೆ ಮೊದಲು ಉತ್ತರ ಸಿಕ್ಕಿದ್ದು ಒಂದು ಬಾಗಿಲಿನಿಂದ. ರ‍್ಯಾಲಿ ಕಾರುಗಳನ್ನು ರಿಪೇರಿಗೆ ನಿಲ್ಲಿಸುವ ಮೈದಾನದಲ್ಲಿ ನಾನು ಸ್ಟಿಕ್ಕರ್ ನೋಡುತ್ತಾ ನಿಂತಿದ್ದೆ. ಒಬ್ಬ ಮೆಕ್ಯಾನಿಕ್ ಹುಡುಗ ಕಾರಿನ ಕೆಳಗಿಂದ ಹೊರಗೆ ಬಂದ. ಮೊಣಕೈವರೆಗೂ ಕೆಂಪು ಮಣ್ಣು. "ಸಾರ್, ಸ್ಟಿಕ್ಕರ್ ಯಾರು ಬೇಕಾದ್ರೂ ಅಂಟಿಸ್ತಾರೆ. ಬಗ್ಗಿ ಕೆಳಗೆ ನೋಡಿ" ಅಂದ. ಆಮೇಲೆ ಬಾಗಿಲು ತೆಗೆದು ತೋರಿಸಿದ. ಒಳಗೆ ಹಿಡಿ ಇರಲಿಲ್ಲ, ಒಂದು ಬಟ್ಟೆಯ ಪಟ್ಟಿ ಇತ್ತು. ಮುಚ್ಚಿದಾಗ ಮನೆಯ ಕಾರಿನ "ದಬ್" ಬರಲಿಲ್ಲ. ಖಾಲಿ ಎಣ್ಣೆ ಡಬ್ಬ ತಟ್ಟಿದ ಹಾಗೆ "ಠಣ್" ಅಂತು.

ಆ ಸದ್ದಿಗೆ ಕಾರಣ ಇದೆ. ಮನೆಯ ಕಾರಿನ ಬಾಗಿಲ ತಗಡಿಗೆ ಒಳಗಿಂದ ಡಾಂಬರಿನಂಥ ಮೆತ್ತನೆಯ ಹಾಳೆ ಅಂಟಿಸಿರುತ್ತಾರೆ. ತಗಡು ನಡುಗಿದರೆ ಆ ಹಾಳೆಯೂ ಜೊತೆಗೆ ಎಳೆದಾಡಿ, ನಡುಕದ ಶಕ್ತಿಯನ್ನು ಶಾಖವಾಗಿ ಕರಗಿಸುತ್ತದೆ. ಅದಕ್ಕೇ ಸದ್ದು ಕೂಡಲೇ ಸಾಯುತ್ತದೆ. ರೇಸ್ ಕಾರಿನಲ್ಲಿ ಆ ಹಾಳೆ ಇಲ್ಲ, ಯಾಕಂದ್ರೆ ಅದಕ್ಕೂ ತೂಕ ಇದೆ. ತಗಡು ತನ್ನ ಪಾಡಿಗೆ ತಾನು ಗಂಟೆಯಂತೆ ಮೊಳಗುತ್ತದೆ.

ಅಂದಿನಿಂದ ನಾನು ಯಾವ ಹಳೆಯ ಸ್ಪೋರ್ಟ್ಸ್ ಕಾರಿನ ಬಗ್ಗೆ ಓದಿದರೂ ಏನೇನು ಸೇರಿಸಿದ್ದಾರೆ ಅನ್ನುವುದಕ್ಕಿಂತ ಮೊದಲು ಏನೇನು ತೆಗೆದಿದ್ದಾರೆ ಅಂತ ನೋಡುತ್ತೇನೆ. ಹಾಗೆ ನೋಡಲು ಪೋರ್ಷೆ 911 ಕರೆರಾ ಆರ್‌ಎಸ್ 2.7 ಅನ್ನುವಷ್ಟು ಒಳ್ಳೆಯ ಕಾರು ಬೇರೆ ಇಲ್ಲ.

ಜರ್ಮನಿಯ ಪೋರ್ಷೆ ಕಂಪನಿಗೆ ಗ್ರೂಪ್ 4 ಅನ್ನುವ ವರ್ಗದ ರೇಸಿಗೆ ಇಳಿಯಬೇಕಿತ್ತು. ನಿಯಮದ ಪ್ರಕಾರ ಅಂಥ 500 ಕಾರುಗಳನ್ನು ಮಾಡಿರಬೇಕು. ಅಂದರೆ ರೇಸಿಗೆ ಬೇಕಾದ ಕಾರನ್ನು ರಸ್ತೆಯ ಜನರಿಗೂ ಮಾರಲೇಬೇಕು. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರ್ ಷೋದಲ್ಲಿ ಕಾರನ್ನು ತೋರಿಸಿದರು. 500 ಖರ್ಚಾದರೆ ಸಾಕು ಅಂದುಕೊಂಡಿದ್ದರು. ಕೊನೆಗೆ ಮಾಡಿದ್ದು 1580.

ಈ 1580ರಲ್ಲೇ ಹಲವು ಬಗೆ. ಎಂ 472 ಅಂದರೆ ಟೂರಿಂಗ್. ಸೀಟು, ಕಾರ್ಪೆಟ್ಟು, ಗಡಿಯಾರ ಎಲ್ಲಾ ಇರುವ ಸಂಸಾರಸ್ಥರ ಕಾರು. ಎಂ 471 ಅಂದರೆ ಸ್ಪೋರ್ಟ್, ರಸ್ತೆಯಲ್ಲೂ ಓಡಬಹುದಾದ ಹಗುರ ಕಾರು. ಇವು ಸುಮಾರು 200 ಮಾತ್ರ. ಎಂ 491 ಅಂದರೆ ಆರ್‌ಎಸ್‌ಆರ್, ಅಪ್ಪಟ ರೇಸ್ ಕಾರು, 55. ದೂರದಿಂದ ನೋಡಿದರೆ ಮೂರೂ ಅಣ್ಣತಮ್ಮಂದಿರೇ. ಅದೇ ಗುಂಡು ದೀಪ, ಅದೇ ಇಳಿಜಾರು ಬೆನ್ನು, ಹಿಂದೆ ಎಂಜಿನ್ ಮುಚ್ಚಳದ ಮೇಲೆ ಮೇಲಕ್ಕೆ ಬಾಗಿದ ಅದೇ ಬಾತುಕೋಳಿ ಬಾಲ.

ಟೂರಿಂಗಿನ ತೂಕ 1075 ಕೆ.ಜಿ., ಸ್ಪೋರ್ಟಿನದು 960. ಎಂಜಿನ್ ಎರಡರಲ್ಲೂ ಒಂದೇ, 2687 ಸಿಸಿ, 210 ಕುದುರೆಶಕ್ತಿ. ವ್ಯತ್ಯಾಸ 115 ಕೆ.ಜಿ. ನಮ್ಮ ಲೆಕ್ಕದಲ್ಲಿ ಎರಡು ಮೂಟೆ ಕಾಫಿ, ಮೇಲೆ ಹದಿನೈದು ಕೆ.ಜಿ. ಎರಡು ಮೂಟೆ ಹೇರಿಕೊಂಡು ಘಾಟಿ ಹತ್ತುವ ಜೀಪಿಗೂ ಖಾಲಿ ಜೀಪಿಗೂ ಇರುವ ವ್ಯತ್ಯಾಸ ಡ್ರೈವರನ ಕಾಲಿಗೆ ಗೊತ್ತು. ಗೇರು ಬದಲಿಸುವಾಗ, ಬ್ರೇಕ್ ಒತ್ತುವಾಗ, ತಿರುವಿನಲ್ಲಿ, ಎಲ್ಲ ಕಡೆ ಅದು ಗೊತ್ತಾಗುತ್ತದೆ.

ಈ 115 ಕೆ.ಜಿ. ಹೋಗಿದ್ದು ಎಲ್ಲಿಂದ? ಸ್ಪೋರ್ಟಿನ ಬಾಗಿಲು ತೆಗೆದರೆ ಅಲ್ಲೂ ಒಂದು ಪಟ್ಟಿ! ಚಿಕ್ಕಮಗಳೂರಿನ ಮೈದಾನದಲ್ಲಿ ನಾನು ಮುಟ್ಟಿ ನೋಡಿದ್ದು ಅದೇ ಜಾತಿಯದು. ಹಿಂದಿನ ಸೀಟು ಇಲ್ಲ. ಗಡಿಯಾರ ಇಲ್ಲ. ಕಾರ್ಪೆಟ್ ಇದ್ದ ಕಡೆ ತೆಳು ರಬ್ಬರ್ ಮ್ಯಾಟು. ಗಾಜು ತೆಳು, ಕೆಲವು ಕಡೆ ತಗಡೂ ತೆಳು. ತುಕ್ಕು ಹಿಡಿಯದ ಹಾಗೆ ತಳಕ್ಕೆ ಬಳಿಯುವ ಲೇಪವನ್ನೂ ಕೈಬಿಟ್ಟರು. ಈ ಕೊನೆಯದು ನನಗೆ ಮನಸ್ಸಿಗೆ ತುಂಬಾ ನಾಟಿತು. ಮಲೆನಾಡಿನ ಮಳೆಯಲ್ಲಿ ಬೆಳೆದವನಿಗೆ ತಳದ ಲೇಪ ಇಲ್ಲದ ಕಾರು ಅಂದರೆ ಕೊಡೆ ಇಲ್ಲದ ಆಷಾಢ. ಹತ್ತು ವರ್ಷ ಬಾಳಲಿ ಅಂತ ಮಾಡಿದ್ದಲ್ಲ, ಮುಂದಿನ ಭಾನುವಾರ ಗೆಲ್ಲಲಿ ಅಂತ ಮಾಡಿದ್ದು.

ಈಗ ಆ ಬಾಲ. 911ರ ಎಂಜಿನ್ ಹಿಂದಿದೆ, ಸಾಮಾನಿನ ಜಾಗ ಮುಂದಿದೆ. ಇಳಿಜಾರು ಬೆನ್ನಿನ ಮೇಲೆ ಗಾಳಿ ವೇಗವಾಗಿ ಜಾರುವಾಗ ಅಲ್ಲಿನ ಒತ್ತಡ ಇಳಿಯುತ್ತದೆ, ಕಾರಿನ ಹಿಂಭಾಗ ಮೇಲಕ್ಕೇಳಲು ನೋಡುತ್ತದೆ. ಹಿಂದಿನ ಟೈರಿನ ಹಿಡಿತ ಸಡಿಲವಾಗುತ್ತದೆ. ಪುಟ್ಟ ಬಾಲ ಆ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಬಾಲದ ಮುಂದೆ ಗಾಳಿ ಸ್ವಲ್ಪ ತಡೆದು ನಿಂತು ಒತ್ತಡ ಏರುತ್ತದೆ, ಹಿಂಭಾಗ ನೆಲಕ್ಕೆ ಅಂಟಿಕೊಳ್ಳುತ್ತದೆ. ಕೆಲಸಕ್ಕೆ ಬರುವ ಸಾಮಾನೇ, ಅನುಮಾನ ಇಲ್ಲ. ಆದರೆ ಗುರುತಿಗೆ ಅದನ್ನು ನಂಬಬೇಡಿ. ಫೈಬರ್ ಬಾಲ ಪೇಟೆಯಲ್ಲಿ ಸಿಗುತ್ತದೆ, ಯಾವ ಮಾಮೂಲಿ 911ಕ್ಕೂ ಕೂರಿಸಬಹುದು. ಪಕ್ಕದಲ್ಲಿ ಬರೆದ "ಕರೆರಾ" ಅನ್ನುವ ಬಣ್ಣದ ಅಕ್ಷರದ ಕಥೆಯೂ ಅಷ್ಟೇ.

ಬದಲಿಗೆ ಹಿಂದಿನ ಚಕ್ರದ ಮೇಲಿನ ಉಬ್ಬು ನೋಡಿ. ಆರ್‌ಎಸ್‌ನ ಮುಂದಿನ ಚಕ್ರ 6 ಇಂಚು ಅಗಲ, ಹಿಂದಿನದು 7. ಅದಕ್ಕೆ ತಕ್ಕ ಹಾಗೆ ಹಿಂದಿನ ಮಡ್‌ಗಾರ್ಡನ್ನು ಕಾರ್ಖಾನೆಯಲ್ಲೇ ಉಕ್ಕಿನಲ್ಲಿ ಅಗಲಿಸಿದ್ದರು. ಒಂದು ಮೆತ್ತನೆಯ ಮ್ಯಾಗ್ನೆಟ್ ಹಿಡಿದು ನೋಡಿ. ಹಿಡಿಯದಿದ್ದರೆ ಅಲ್ಲಿರುವುದು ಫೈಬರ್ರೋ ಪುಟ್ಟಿಯೋ. ಆರ್‌ಎಸ್‌ಆರ್ ಆದರೆ ಕೇಳಲೇಬೇಡಿ, ಮುಂದೆ 9 ಇಂಚು, ಹಿಂದೆ 11 ಇಂಚು. ಉಬ್ಬು ಅಂದರೆ ಬಸುರಿ ಹೊಟ್ಟೆಯಷ್ಟು. ಚಕ್ರಕ್ಕೆ ಐದು ನಟ್ಟಿನ ಬದಲು ನಡುವೆ ಒಂದೇ ದೊಡ್ಡ ನಟ್ಟು. ಒಳಗಿನ ಬ್ರೇಕು 917 ಅನ್ನುವ ಇನ್ನೊಂದು ಪೋರ್ಷೆ ರೇಸ್ ಕಾರಿನ ಕುಲದ್ದು.

ಆರ್‌ಎಸ್‌ಆರ್‌ನ ನಿಜವಾದ ಗುಟ್ಟು ಮಾತ್ರ ಎಂಜಿನ್ನಿನ ಹೊಟ್ಟೆಯಲ್ಲಿದೆ. ಸಿಲಿಂಡರಿನ ಅಗಲ 90 ಮಿ.ಮೀ.ಯಿಂದ 92ಕ್ಕೆ ಏರಿತು. ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ ಆರ್‌ಎಸ್‌ನಲ್ಲಿ 8.5 ಪಟ್ಟು, ಇಲ್ಲಿ 10.3 ಪಟ್ಟು. ಶಕ್ತಿ 300 ಕುದುರೆ ದಾಟಿತು. ಆರ್‌ಎಸ್ ತನ್ನ ಪೂರ್ತಿ ಶಕ್ತಿ ಕೊಡುವುದು 6300 ಆರ್‌ಪಿಎಂನಲ್ಲಿ, ಇದು 8000ದ ಹತ್ತಿರ. ಆ ವೇಗದಲ್ಲಿ ಕ್ರ್ಯಾಂಕ್, ಅಂದರೆ ಎಂಜಿನ್ನಿನ ತಿರುಗುವ ದಂಡ, ಒಂದು ಸುತ್ತು ಹಾಕಲು 7.5 ಮಿಲಿಸೆಕೆಂಡ್ ಸಾಕು. ಪೆಟ್ರೋಲು ಉರಿಯಲು ಸಿಗುವುದು ಅದರಲ್ಲಿ ಹೆಚ್ಚುಕಡಿಮೆ ಆರನೇ ಒಂದು ಪಾಲು, ಒಂದೂಕಾಲು ಮಿಲಿಸೆಕೆಂಡ್. ಅಷ್ಟರಲ್ಲಿ ಬೆಂಕಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಬೇಕು. ಜೊತೆಗೆ ಒತ್ತಡ ಜಾಸ್ತಿ ಮಾಡಲು ಪಿಸ್ಟನ್ ತಲೆಯನ್ನು ಗುಡ್ಡದ ಹಾಗೆ ಉಬ್ಬಿಸಿದ್ದಾರೆ. ಆ ಗುಡ್ಡ ಸುತ್ತಿಕೊಂಡು ಹೋಗುವಷ್ಟರಲ್ಲಿ ಹೊತ್ತು ಮೀರುತ್ತದೆ. ಆಚೆ ಬದಿಯಲ್ಲಿ ಉಳಿದ ಪೆಟ್ರೋಲು ಕಾಯ್ದುಕೊಂಡು ಇರುವುದಿಲ್ಲ, ತಾನೇ ಸಿಡಿದು ಪಿಸ್ಟನ್ನಿಗೆ ತೂತು ಮಾಡಬಹುದು.

ಪರಿಹಾರ ಸರಳ. ಎರಡೂ ಕಡೆಯಿಂದ ಬೆಂಕಿ ಹಚ್ಚುವುದು. ಒಂದೊಂದು ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್, ಆರು ಸಿಲಿಂಡರಿಗೆ ಹನ್ನೆರಡು. ಆದ್ದರಿಂದ ಎಂಜಿನ್ ಮುಚ್ಚಳ ತೆಗೆದು ಪ್ಲಗ್‌ಗೆ ಹೋಗುವ ವೈರು ಎಣಿಸಿ. ಆರಿದ್ದರೆ ರಸ್ತೆಯ ಎಂಜಿನ್. ಹನ್ನೆರಡಿದ್ದರೆ ಅರ್ಧದಷ್ಟು ಪ್ಲಗ್ ಎಂಜಿನ್ನಿನ ಕೆಳಮುಖದಲ್ಲಿರುತ್ತವೆ, ನೆಲಕ್ಕೆ ಕೂತು ಬಗ್ಗಿಯೇ ನೋಡಬೇಕು. ಮೆಕ್ಯಾನಿಕ್ ಹುಡುಗ ಹೇಳಿದ ಮಾತು ಇಲ್ಲೂ ಅಕ್ಷರಶಃ ನಿಜ.

ಈ ಆರ್‌ಎಸ್‌ಆರ್ 1973ರಲ್ಲಿ ಅಮೆರಿಕದ ಡೇಟೋನಾದ 24 ಗಂಟೆಯ ರೇಸನ್ನೂ, ಇಟಲಿಯ ಸಿಸಿಲಿ ದ್ವೀಪದ ಬೆಟ್ಟದ ರಸ್ತೆಗಳಲ್ಲಿ ಆಗ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೋ ರೇಸನ್ನೂ ಗೆದ್ದಿತು. ನಮ್ಮ ಘಾಟಿಗಳನ್ನು ಬಲ್ಲವರಿಗೆ ಎರಡನೆಯದರ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ನಂಬರಿನ ಮಾತೂ ಹೇಳಿಬಿಡುತ್ತೇನೆ. ಆರ್‌ಎಸ್ ಚಾಸಿ ನಂಬರ್ 911360 ಅಂತ ಶುರುವಾಗುತ್ತದೆ. 911 ಕಾರಿನ ಬಗೆ, 3 ಅಂದರೆ 1973ರ ಮಾದರಿ, 6 ಅಂದರೆ ಈ ಎಂಜಿನ್, 0 ಅಂದರೆ ಮುಚ್ಚಿದ ಚಾವಣಿ. ಮಾಮೂಲಿ 911ಕ್ಕೆ ಬಾಲ, ಅಕ್ಷರ, ಅಗಲ ಚಕ್ರ ಎಲ್ಲಾ ಹಾಕಿದರೂ ಆ 6 ಬರುವುದಿಲ್ಲ. ಹಾಗೆ ಮಾಡಿದ ಕಾರನ್ನು "ನಕಲು" ಅಂತಲೇ ಹೇಳಿ ಪ್ರೀತಿಯಿಂದ ಓಡಿಸುವವರ ಬಗ್ಗೆ ನನಗೆ ಗೌರವವೇ ಇದೆ. ಅಸಲಿ ಅಂತ ಮಾರುವುದು ಮೋಸ.

ಆದರೆ ನಂಬರ್ ಕೂಡ ಟೂರಿಂಗ್ ಯಾವುದು, ಸ್ಪೋರ್ಟ್ ಯಾವುದು ಅಂತ ಹೇಳುವುದಿಲ್ಲ. ಅದಕ್ಕೆ ಹಿಂದೆ ಒಂದು ಸೊಗಸಾದ ಕಥೆ ಇದೆ. ರೇಸಿನ ನಿಯಮಕ್ಕೆ ಕಾರು ಹಗುರ ಅಂತ ತೋರಿಸಬೇಕಿತ್ತಲ್ಲ, ಮೊದಲ ಕಂತಿನ ಕಾರುಗಳನ್ನು ಬೋಳು ಬೋಳಾಗಿ ಕಟ್ಟಿ ವೇಬ್ರಿಡ್ಜಿಗೆ ಒಯ್ದು ತೂಗಿಸಿದರು. ನಮ್ಮಲ್ಲಿ ಕಾಫಿ ಲಾರಿ ಹತ್ತಿಸುತ್ತಾರಲ್ಲ, ಹಾಗೆ. ಚೀಟಿ ಸಿಕ್ಕಿದ ಮೇಲೆ ಕಾರುಗಳು ಕಾರ್ಖಾನೆಗೆ ವಾಪಸ್. ಅಲ್ಲಿ ಗಿರಾಕಿ ಕೇಳಿದಂತೆ ಸೀಟು, ಕಾರ್ಪೆಟ್ಟು, ಗಡಿಯಾರ ಎಲ್ಲಾ ಕೂರಿಸಿದರು. ತೂಗಿದಾಗಿನ ಬೋಳು ರೂಪದಲ್ಲೇ ಗಿರಾಕಿ ಕೈ ಸೇರಿದ್ದು 17 ಮಾತ್ರ. ಇವತ್ತು ಮೆತ್ತನೆ ಕಾರ್ಪೆಟ್ ಹಾಸಿಕೊಂಡು ಕೂತಿರುವ ಎಷ್ಟೋ ಟೂರಿಂಗ್ ಕಾರುಗಳು, ಹುಟ್ಟಿದ ವಾರದಲ್ಲಿ ಒಂದು ದಿನ, ತೂಕದ ಕಟ್ಟೆಯ ಮೇಲೆ ರೇಸ್ ಕಾರಾಗಿ ನಿಂತಿದ್ದವು.