ಅಂಗಡಿಗೊಂದು ಇ-ಮೇಲ್ ವಿಳಾಸ ಕೊಡಬಹುದು, ಆದರೆ ಆ ವಿಳಾಸ ಯಾರದು?

ಪ್ರಶ್ನೆ: ಹದಿನೈದು ವರ್ಷದಿಂದ ನನ್ನದು ಒಂದೇ ಜಿಮೇಲ್ ವಿಳಾಸ. ಬ್ಯಾಂಕಿಗೂ ಅದೇ, ಬಟ್ಟೆ ಅಂಗಡಿಗೂ ಅದೇ. ಈಗ ದಿನಕ್ಕೆ ಮೂವತ್ತು, ನಲವತ್ತು ಬೇಡದ ಮೇಲ್ ಬರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಅಲಿಯಾಸ್ ವಿಳಾಸ ಕೊಡೋ ಸರ್ವಿಸ್‌ಗಳಿವೆ ಅಂತ ಮಗಳು ಹೇಳ್ತಾಳೆ. ಸಿಂಪಲ್‌ಲಾಗಿನ್, ಡಕ್‌ಡಕ್‌ಗೋ, ಆ್ಯಪಲ್‌ನದು ಅಂತ ನಾಲ್ಕೈದು ಹೆಸರು ಕೊಟ್ಟಿದ್ದಾಳೆ. ಯಾವುದನ್ನು ನಂಬಲಿ? ನಾಳೆ ಅವರು ಬಾಗಿಲು ಹಾಕಿಕೊಂಡು ಹೋದರೆ ನನ್ನ ಗತಿ?

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯೋಣ. ಬೆಲೆ ಎಷ್ಟು, ಎಷ್ಟು ಅಲಿಯಾಸ್ ಕೊಡ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಬಿಟ್ಟು ಹೋಗುವಾಗ ಏನಾಗುತ್ತೆ ಅಂತ ಕೇಳುವವರು ಕಡಿಮೆ. ನಾನಂತೂ ಮೊದಲು ನೋಡುವುದು ಅದನ್ನೇ.

ಅಲಿಯಾಸ್ ಅಂದರೆ ನಿಮ್ಮ ನಿಜವಾದ ವಿಳಾಸದ ಮುಂದೆ ನಿಲ್ಲಿಸುವ ಇನ್ನೊಂದು ವಿಳಾಸ. ಅದಕ್ಕೆ ಬಂದ ಮೇಲ್ ಸುಮ್ನೆ ನಿಮ್ಮ ಜಿಮೇಲ್‌ಗೆ ಫಾರ್ವರ್ಡ್ ಆಗುತ್ತದೆ. ಬೇಡ ಅನಿಸಿದ ದಿನ ಅದೊಂದನ್ನು ಆಫ್ ಮಾಡಿದರೆ ಆಯಿತು, ಉಳಿದವು ಹಾಗೇ ಇರುತ್ತವೆ. ಎರಡು ವರ್ಷದ ಹಿಂದೆ ಒಂದು ಕನ್ನಡಕದ ಅಂಗಡಿಯಲ್ಲಿ ಬಿಲ್ ಕಳಿಸೋಕೆ ಇ-ಮೇಲ್ ಕೇಳಿದರು. ಆ ಅಂಗಡಿಗೆ ಅಂತಲೇ ಹೊಸ ಅಲಿಯಾಸ್ ಮಾಡಿ ಕೊಟ್ಟೆ. ನಾಲ್ಕು ತಿಂಗಳಾದ ಮೇಲೆ ಅದೇ ವಿಳಾಸಕ್ಕೆ ದೇವನಹಳ್ಳಿ ಹತ್ತಿರ ಸೈಟ್ ಮಾರಾಟಕ್ಕಿದೆ ಅಂತ ಮೇಲ್ ಬಂತು. ನನ್ನ ಕಣ್ಣಿನ ಪವರ್‌ಗೂ ದೇವನಹಳ್ಳಿಗೂ ಏನು ಸಂಬಂಧ? ವಿಳಾಸ ಎಲ್ಲಿಂದ ಸೋರಿತು ಅಂತ ಹುಡುಕಬೇಕಾಗಿರಲಿಲ್ಲ, ಅಲಿಯಾಸೇ ಹೇಳುತ್ತಿತ್ತು. ಆಫ್ ಮಾಡಿದೆ, ಮುಗಿಯಿತು.

ಅಂಗಡಿಯವರು ಮಾರಬೇಕು ಅಂತಲೂ ಇಲ್ಲ, ಕಳ್ಳತನವೂ ಆಗುತ್ತದೆ. 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿಕೆಯಾಗಿತ್ತು. ಅದರಲ್ಲಿ ಇ-ಮೇಲ್ ವಿಳಾಸಗಳೂ ಇದ್ದವು. ನಿಮ್ಮ ವಿಳಾಸ ಇಂಥ ಸೋರಿಕೆಗಳಲ್ಲಿ ಸಿಕ್ಕಿದೆಯಾ ಅಂತ ನೋಡಲು ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣವಿದೆ. 2013ರಿಂದ ನಡೆಯುತ್ತಿದೆ, ಉಚಿತ. ಹದಿನೈದು ವರ್ಷದ ವಿಳಾಸ ಅಂದಿರಿ, ಒಮ್ಮೆ ಹಾಕಿ ನೋಡಿ. ಫಲಿತಾಂಶ ಬರುವಾಗ ಕೂತಿರಿ.

‘ಜಿಮೇಲ್‌ನಲ್ಲೇ ಹೆಸರಾದ ಮೇಲೆ, @ ಗಿಂತ ಮೊದಲು ಪ್ಲಸ್ ಗುರುತು ಹಾಕಿ ಅಂಗಡಿ ಹೆಸರು ಸೇರಿಸಬಹುದಲ್ಲ’ ಅಂತ ಕೆಲವರು ಹೇಳುತ್ತಾರೆ. ಸೇರಿಸಬಹುದು. ಆದರೆ ಪ್ಲಸ್‌ನಿಂದ ಆಚೆಗಿನದನ್ನು ಅಳಿಸಿದರೆ ನಿಮ್ಮ ಅಸಲಿ ವಿಳಾಸ ಬಟ್ಟಬಯಲು. ಮೇಲ್ ವಿಂಗಡಿಸಿಕೊಳ್ಳೋಕೆ ಚೆನ್ನಾಗಿದೆ, ಅಡಗಿಕೊಳ್ಳೋಕೆ ಅಲ್ಲ.

ಈಗ ಮುಖ್ಯ ವಿಷಯ. ನಿಮಗೆ ಸಿಗುವ ಅಲಿಯಾಸ್‌ನಲ್ಲಿ @ ಗುರುತಿನ ಬಲಕ್ಕೆ ಏನಿದೆ ನೋಡಿ. ಡಕ್‌ಡಕ್‌ಗೋದಲ್ಲಿ ಡಕ್ ಡಾಟ್ ಕಾಮ್ ಇರುತ್ತದೆ, ಫೈರ್‌ಫಾಕ್ಸ್ ರಿಲೇಯಲ್ಲಿ ಮೋಜ್‌ಮೇಲ್ ಡಾಟ್ ಕಾಮ್. ಆ ಡೊಮೈನ್, ಅಂದರೆ ಬಲಗಡೆಯ ಹೆಸರು, ಅವರದು. ನೀವು ಬಾಡಿಗೆಗೂ ಅಲ್ಲ, ಪುಕ್ಕಟೆಗೆ ಕೂತಿದ್ದೀರಿ. ಅವರು ನಿಲ್ಲಿಸಿದರೆ, ಅಥವಾ ನಿಮ್ಮ ಖಾತೆಯನ್ನೇ ತೆಗೆದುಹಾಕಿದರೆ, ಐವತ್ತು ಕಡೆ ಕೊಟ್ಟ ವಿಳಾಸಗಳು ಒಂದೇ ದಿನ ಸತ್ತವು. ಪಾಸ್‌ವರ್ಡ್ ಮರೆತರೆ ರೀಸೆಟ್ ಲಿಂಕ್ ಬರುವುದೂ ಆ ಸತ್ತ ವಿಳಾಸಕ್ಕೇ.

ಇದು ಬರೀ ಕಲ್ಪನೆಯ ಭಯ ಅಲ್ಲ. ಸಿಂಪಲ್‌ಲಾಗಿನ್ ಅನ್ನು 2022ರಲ್ಲಿ ಸ್ವಿಟ್ಜರ್ಲೆಂಡ್‌ನ ಪ್ರೋಟಾನ್, ಅಂದರೆ ಪ್ರೋಟಾನ್ ಮೇಲ್ ಎಂಬ ಇ-ಮೇಲ್ ಸರ್ವಿಸ್ ನಡೆಸುವ ಕಂಪನಿ, ಕೊಂಡುಕೊಂಡಿತು. 2025ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ, ಒಂದು ಕಂಪನಿ ತಂದ ಅಶ್ಲೀಲ ಮೇಲ್‌ಗಳ ಪ್ರಕರಣದಲ್ಲಿ, ಪ್ರೋಟಾನ್ ಮೇಲ್ ಅನ್ನು ದೇಶದಲ್ಲಿ ಬ್ಲಾಕ್ ಮಾಡಲು ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. ಆ ಆದೇಶ ಸಿಂಪಲ್‌ಲಾಗಿನ್ ಬಗ್ಗೆ ಆಗಿರಲಿಲ್ಲ, ಸರಿ. ಆದರೂ ಸರ್ವಿಸ್ ಎಷ್ಟೇ ಒಳ್ಳೆಯದಿರಲಿ, ಅದರ ಬಾಗಿಲಿಗೆ ಬೀಗ ಹಾಕುವ ಕೈ ಬೇರೆಯವರದೂ ಇರಬಹುದು ಅಂತ ಅದರಿಂದ ತಿಳಿಯುತ್ತದೆ, ಅಲ್ವಾ?

ಇದಕ್ಕೆ ಮದ್ದು ಸ್ವಂತ ಡೊಮೈನ್. ಒಂದು ‘ಡಾಟ್ ಇನ್’ ಹೆಸರು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅದನ್ನು ಸಿಂಪಲ್‌ಲಾಗಿನ್‌ಗೋ ಅಂಥದೇ ಇನ್ನೊಂದು ಸರ್ವಿಸ್ ಆದ ಆ್ಯಡಿ ಡಾಟ್ ಐಒಗೋ ಜೋಡಿಸಬಹುದು, ಎರಡರಲ್ಲೂ ಅದಕ್ಕೆ ಹಣ ಕಟ್ಟಬೇಕು. ಬೇಜಾರಾದರೆ ಡೊಮೈನ್‌ನ ಸೆಟ್ಟಿಂಗ್ಸ್‌ನಲ್ಲಿ ಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ಎಮ್‌ಎಕ್ಸ್ ಸಾಲನ್ನು ಬದಲಿಸಿ ಇನ್ನೊಬ್ಬರ ಹತ್ತಿರ ಹೋಗುತ್ತೀರಿ. ಅಂಗಡಿಗಳಿಗೆ ಕೊಟ್ಟ ವಿಳಾಸ ಒಂದೂ ಬದಲಾಗುವುದಿಲ್ಲ. ಬರುವ ಮೇಲ್ ಮಾತ್ರ ಸಾಕು, ಉತ್ತರ ಬರೆಯುವ ಪ್ರಮೇಯ ಇಲ್ಲ ಅಂದರೆ ಕ್ಲೌಡ್‌ಫ್ಲೇರ್‌ನ ಇ-ಮೇಲ್ ರೌಟಿಂಗ್ ಉಚಿತವಾಗಿಯೇ ಈ ಕೆಲಸ ಮಾಡುತ್ತದೆ.

ಸ್ವಂತ ಡೊಮೈನ್‌ಗೆ ಒಂದು ಕೊರತೆ ಇದೆ. ಅದನ್ನು ಮಾರುವವರು ಯಾರೂ ಹೇಳುವುದಿಲ್ಲ. ಡಕ್ ಡಾಟ್ ಕಾಮ್ ವಿಳಾಸ ಲಕ್ಷಾಂತರ ಜನರ ಹತ್ತಿರ ಇದೆ, ಜಾತ್ರೆಯ ಗುಂಪಿನಲ್ಲಿ ನೀವೂ ಒಬ್ಬರು. ನಿಮ್ಮ ಸ್ವಂತ ಡೊಮೈನ್ ಇರುವುದು ನಿಮ್ಮೊಬ್ಬರ ಹತ್ತಿರ. ಎಡಗಡೆ ಎಷ್ಟು ಹೆಸರು ಬದಲಿಸಿದರೂ, ಬಲಗಡೆ ನೋಡಿ ಎರಡು ಪಟ್ಟಿಗಳನ್ನು ಜೋಡಿಸುವವನಿಗೆ ಇವರೆಲ್ಲ ಒಬ್ಬರೇ ಅಂತ ಗೊತ್ತಾಗುತ್ತದೆ. ಕೈಲಿ ಉಳಿಯುವ ವಿಳಾಸ ಅಡಗುವುದಿಲ್ಲ, ಅಡಗುವ ವಿಳಾಸ ಕೈಲಿ ಉಳಿಯುವುದಿಲ್ಲ. ಹಾಗಾಗಿ ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ವರ್ಷಗಟ್ಟಲೆ ಬೇಕಾದ ಖಾತೆಗಳಿಗೆ ಸ್ವಂತ ಡೊಮೈನ್. ಒಂದು ಕೂಪನ್‌ಗೋ, ಒಂದು ಪಿಡಿಎಫ್ ಇಳಿಸಿಕೊಳ್ಳೋಕೋ ಕೊಡಬೇಕಾದ ಕಡೆ ಗುಂಪಿನ ಡೊಮೈನ್.

ಸ್ವಂತ ಡೊಮೈನ್‌ನಲ್ಲಿ ಅಂಗಡಿ ಹೆಸರನ್ನೇ ಎಡಗಡೆ ಇಡುವ ಅಭ್ಯಾಸವಿದ್ದರೆ ಇನ್ನೊಂದಕ್ಕೂ ತಯಾರಾಗಿರಿ. ಕೌಂಟರಿನ ಹುಡುಗ ಒಮ್ಮೆ ನಾನು ಹೇಳಿದ ವಿಳಾಸ ಅರ್ಧ ಟೈಪ್ ಮಾಡಿ ತಲೆ ಎತ್ತಿ, ‘ಸಾರ್, ನೀವು ನಮ್ ಹೆಡ್ ಆಫೀಸ್‌ನವ್ರಾ?’ ಅಂದ. ಆ ದಿನ ಮಾತ್ರ ಬಿಲ್ ಬೇಗ ಆಯಿತು.

ಇನ್ನು ನಿಮ್ಮ ಮಗಳು ಕೊಟ್ಟ ಹೆಸರುಗಳು. ಐಫೋನ್ ಇದ್ದರೆ ಯೋಚನೆ ಕಡಿಮೆ. ತಿಂಗಳಿಗೆ 75 ರೂಪಾಯಿಯ ಐಕ್ಲೌಡ್ ಪ್ಲಸ್‌ನಲ್ಲೇ ‘ಹೈಡ್ ಮೈ ಇ-ಮೇಲ್’ ಸೇರಿದೆ. ಹಣ ಕಟ್ಟುವುದು ನಿಲ್ಲಿಸಿದರೂ ಹಳೆಯ ಅಲಿಯಾಸ್‌ಗಳು ನಡೆಯುತ್ತವೆ, ಹೊಸದು ಮಾಡೋಕೆ ಆಗುವುದಿಲ್ಲ ಅಷ್ಟೇ. ಆದರೆ ನಾಳೆ ಆಂಡ್ರಾಯ್ಡ್‌ಗೆ ಹೋದರೆ ಕಿರಿಕಿರಿ. ಡಕ್‌ಡಕ್‌ಗೋ ಪೂರ್ತಿ ಉಚಿತ, ನೀವು ಮೇಲ್ ತೆರೆದಿರಾ ಅಂತ ಕಳಿಸಿದವರಿಗೆ ತಿಳಿಸಲು ಮೇಲ್ ಒಳಗೆ ಅಡಗಿಸಿಟ್ಟ ಟ್ರ್ಯಾಕರ್‌ಗಳನ್ನೂ ತೆಗೆದು ಕಳಿಸುತ್ತದೆ. ಫೈರ್‌ಫಾಕ್ಸ್ ರಿಲೇ ಉಚಿತವಾಗಿ ಕೊಡುವುದು 5, ಅಲಿಯಾಸ್‌ನಿಂದ ಉತ್ತರಿಸಬೇಕಾದರೆ ಹಣ. ಸಿಂಪಲ್‌ಲಾಗಿನ್ ಉಚಿತದಲ್ಲಿ 10 ಕೊಡುತ್ತದೆ, ಉತ್ತರವನ್ನೂ ಬರೆಯಬಹುದು, ಕೋಡ್ ಎಲ್ಲರಿಗೂ ತೆರೆದಿದೆ. ನಾನು ಯಾರಿಗಾದರೂ ಮೊದಲು ಹೇಳುವುದು ಇದನ್ನೇ. ‘ಹತ್ತು ನಿಮಿಷದ ಮೇಲ್’ ಥರದವು ಬೇಡವೇ ಬೇಡ. ಅಂಥ ಎಷ್ಟೋ ತಾಣಗಳಲ್ಲಿ ಇನ್‌ಬಾಕ್ಸ್ ಊರ ಬಾವಿ ಇದ್ದ ಹಾಗೆ, ಯಾರು ಬೇಕಾದರೂ ಇಣುಕಬಹುದು.

ನಂಬಿಕೆಯ ಮಾತು ಕೇಳಿದಿರಲ್ಲ. ಫಾರ್ವರ್ಡ್ ಮಾಡುವವನ ಕೈ ಮೇಲಿಂದಲೇ ನಿಮ್ಮ ಪ್ರತಿ ಮೇಲ್ ಹೋಗುತ್ತದೆ. ಓದುವುದಿಲ್ಲ ಅಂತ ಮಾತು ಕೊಟ್ಟಿರುತ್ತಾರೆ, ಆದರೆ ಓದಲು ಆಗದು ಅಂತಲ್ಲ. ಕೋರ್ಟ್ ಕೇಳಿದರೆ ಇರುವ ಮಾಹಿತಿ ಕೊಡಲೇಬೇಕಾಗುತ್ತದೆ. ಅಲಿಯಾಸ್ ಇರುವುದು ಜಾಹೀರಾತಿನವರಿಂದ ತಪ್ಪಿಸಿಕೊಳ್ಳಲು, ಪೊಲೀಸರಿಂದ ತಪ್ಪಿಸಿಕೊಳ್ಳೋಕಲ್ಲ. ಬ್ಯಾಂಕ್, ಆದಾಯ ತೆರಿಗೆ, ಪಿಎಫ್, ಡಿಜಿಲಾಕರ್, ಇವಕ್ಕೆಲ್ಲ ನಡುವೆ ಯಾರೂ ಬೇಡ. ಯಾರಿಗೂ ಕೊಡದ ಒಂದು ಹೊಸ ಜಿಮೇಲ್ ವಿಳಾಸವನ್ನೇ ನೇರವಾಗಿ ಕೊಡಿ. ಒಟಿಪಿ ತಡವಾಗಿ ಬಂದರೂ ತೊಂದರೆ ತಾನೇ?

ಉತ್ತರ ಬರೆಯುವಾಗ ಎಡವುವವರು ಜಾಸ್ತಿ. ಅಲಿಯಾಸ್‌ಗೆ ಬಂದ ಮೇಲ್‌ಗೆ ರಿಪ್ಲೈ ಒತ್ತಿ, ‘ಟು’ ಜಾಗ ನೋಡಿ. ಅಂಗಡಿಯ ವಿಳಾಸ ಇರುವುದಿಲ್ಲ, ಸರ್ವಿಸ್‌ನವರು ಕಟ್ಟಿದ ಉದ್ದನೆಯ ವಿಚಿತ್ರ ವಿಳಾಸ ಇರುತ್ತದೆ. ಅದಕ್ಕೇ ಕಳಿಸಬೇಕು. ಆಗ ಅವರು ನಿಮ್ಮ ಜಿಮೇಲ್ ಹೆಸರು ತೆಗೆದು ಅಲಿಯಾಸ್ ಹಾಕಿ ದಾಟಿಸುತ್ತಾರೆ. ‘ಇದೇನೋ ತಪ್ಪಿದೆ’ ಅಂತ ಅಳಿಸಿ ಅಂಗಡಿಯ ವಿಳಾಸ ಟೈಪ್ ಮಾಡಿದಿರೋ, ಅಸಲಿ ವಿಳಾಸ ಹೋಯಿತು. ನಾನು ಮಾಡಿದ ತಪ್ಪು ಇನ್ನೂ ಚೆಂದ. ‘ಟು’ ಸರಿಯಾಗಿಯೇ ಇತ್ತು, ಕೆಳಗೆ ಸಿಗ್ನೇಚರ್‌ನಲ್ಲಿ ಪೂರ್ತಿ ಹೆಸರು, ಮೊಬೈಲ್ ನಂಬರ್, ಅಸಲಿ ಇ-ಮೇಲ್ ಮೂರೂ ಇದ್ದವು.

ಮೊಬೈಲ್ ಅಂದಾಗ ನೆನಪಾಯಿತು. ನಮ್ಮಲ್ಲಿ ಇ-ಮೇಲ್‌ಗಿಂತ ಮೊದಲು ಕೇಳುವುದೇ ಫೋನ್ ನಂಬರ್. ಅದಕ್ಕೆ ಅಲಿಯಾಸ್ ಇಲ್ಲ. ಬಿಲ್ಲಿಗೆ ನಂಬರ್ ಕೇಳಿದಾಗ ‘ಬೇಡ, ಪೇಪರ್ ಬಿಲ್ ಕೊಡಿ’ ಅಂದರೆ ಬಹಳ ಕಡೆ ಕೊಡುತ್ತಾರೆ. ಮುಖ ಸ್ವಲ್ಪ ಸಿಂಡರಿಸಿಕೊಳ್ಳುತ್ತಾರೆ, ಅಷ್ಟೇ.

ಹಣ ಕಟ್ಟುವ ಸರ್ವಿಸ್ ತೆಗೆದುಕೊಂಡರೆ ಒಂದು ಎಚ್ಚರ. ಆಟೋ ಪೇಮೆಂಟ್‌ಗೆ ಆರ್‌ಬಿಐ 2021ರ ಅಕ್ಟೋಬರ್‌ನಿಂದ ಬಿಗಿ ನಿಯಮ ತಂದ ಮೇಲೆ, ವಿದೇಶಿ ತಾಣಗಳಲ್ಲಿ ನಮ್ಮ ಕಾರ್ಡ್‌ಗಳ ರಿನೀವಲ್ ಎಷ್ಟೋ ಸಲ ತಾನಾಗಿ ಆಗುವುದಿಲ್ಲ. ಸಿಂಪಲ್‌ಲಾಗಿನ್‌ನಲ್ಲಿ ಹಣ ನಿಂತರೂ ಇರುವ ಅಲಿಯಾಸ್‌ಗಳು ಓಡುತ್ತವೆ. ಡೊಮೈನ್ ಹಾಗಲ್ಲ. ಅದರ ರಿನೀವಲ್ ತಪ್ಪಿದರೆ ಇನ್ಯಾರೋ ಕೊಂಡುಕೊಳ್ಳುತ್ತಾರೆ, ನಿಮ್ಮ ಹೆಸರಿನ ಪಾಸ್‌ವರ್ಡ್ ರೀಸೆಟ್ ಲಿಂಕ್‌ಗಳೆಲ್ಲ ಅವರ ಮನೆಗೆ ಹೋಗುತ್ತವೆ. ಆದ್ದರಿಂದ ಡೊಮೈನ್ ಅನ್ನು ಒಂದೊಂದು ವರ್ಷಕ್ಕೆ ಬೇಡ, ಐದು ವರ್ಷಕ್ಕೆ ಒಟ್ಟಿಗೆ ಕೊಂಡುಬಿಡಿ. ರಿನೀವಲ್ ತಾರೀಖನ್ನು ನಿಮ್ಮ ಫೋನಿನಲ್ಲಿ ಹಾಕಿ, ಮಗಳ ಫೋನಿನಲ್ಲೂ ಹಾಕಿಸಿ.