ಬೀಗ ಹಾಕಿದ ಡಿಸ್ಕಿನಲ್ಲಿ ಗ್ರಬ್ ಕೆಟ್ಟಾಗ

ಕಳೆದ ಆಟಿ ತಿಂಗಳ ಮಳೆಯಲ್ಲಿ ಪೆರ್ಲದ ಕಡೆಯ ಅಧ್ಯಾಪಿಕೆಯೊಬ್ಬರು ಬದಿಯಡ್ಕದ ನಮ್ಮ ಅಂಗಡಿಗೆ ಲ್ಯಾಪ್‌ಟಾಪ್ ತಂದರು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಲಿನಕ್ಸಿನಲ್ಲೇ ನಡೆಯುವುದರಿಂದ ಅವರ ಸ್ವಂತ ಯಂತ್ರದಲ್ಲೂ ಉಬುಂಟು ಎಂಬ ಲಿನಕ್ಸ್ ಇತ್ತು. ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟು ಹೋಗಿ, ಹಳೆಯ ಬ್ಯಾಟರಿಯೂ ಕೈಕೊಟ್ಟು, ಮತ್ತೆ ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ‘ಗ್ರಬ್’ ಎಂಬ ಪದ ಮಾತ್ರ ಉಳಿದಿತ್ತು. ಗ್ರಬ್ ಎಂದರೆ ಯಂತ್ರ ಆನ್ ಆದಾಗ ಉಬುಂಟುವನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ. ಡಿಸ್ಕ್ ಎನ್‌ಕ್ರಿಪ್ಟ್ ಆಗಿ, ಅಂದರೆ ಪಾಸ್‌ವರ್ಡಿನ ಬೀಗದೊಳಗೆ, ಇರುವುದರಿಂದ ಫಾರ್ಮ್ಯಾಟ್ ಮಾಡದೆ ದಾರಿಯಿಲ್ಲವೆಂದು ಬೇರೊಂದು ಕಡೆ ಹೇಳಿದ್ದರಂತೆ.

“ಮಕ್ಕಳ ಮಾರ್ಕೆಲ್ಲ ಅದರಲ್ಲೇ ಉಂಟು. ಪಾಸ್‌ವರ್ಡ್ ಮಾತ್ರ ನೆನಪಿದೆ” ಎಂದರು.

“ಅದೊಂದು ನೆನಪಿದ್ದರೆ ಹೆದರಬೇಡಿ ಟೀಚರ್” ಎಂದೆ.

ಈ ಧೈರ್ಯಕ್ಕೆ ಕಾರಣವಿದೆ. ಯಂತ್ರ ಮೊದಲು ಓದುವ ಇಎಫ್‌ಐ ವಿಭಾಗ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ಉಬುಂಟುವಿನ ಸಾಮಾನ್ಯ ವ್ಯವಸ್ಥೆಯಲ್ಲಿ ಕರ್ನೆಲ್ (ವ್ಯವಸ್ಥೆಯ ತಿರುಳು) ಇರುವ ಬೂಟ್ ವಿಭಾಗವೂ ತೆರೆದೇ ಇರುತ್ತದೆ. ಗ್ರಬ್ ಕೆಡುವುದು ಈ ಹೊರಗಿನ ಭಾಗದಲ್ಲಿ. ಕಡತಗಳಿರುವ, ಲಕ್ಸ್ ಎಂಬ ಬಗೆಯಲ್ಲಿ ಬೀಗ ಹಾಕಿದ ವಿಭಾಗದ ಕೀಲಿಗಳು ಅದರದ್ದೇ ಆರಂಭದ ಹೆಡರ್‌ನಲ್ಲಿ, ಲಕ್ಸ್ 2 ಆದರೆ ಸಾಮಾನ್ಯವಾಗಿ ಮೊದಲ 16 ಎಂಬಿಯೊಳಗೆ, ಇರುತ್ತವೆ. ಅವಸರದಲ್ಲಿ ಮರುಸ್ಥಾಪನೆಗೆ ಹೊರಟು ಆ ಹೆಡರ್ ಅಳಿಸಿಹೋದರೆ, ಸರಿಯಾದ ಪಾಸ್‌ವರ್ಡ್ ಕೂಡ ಏನನ್ನೂ ತೆರೆಯಲಾರದು. ಆದುದರಿಂದ ನಾನು ಲೈವ್ ಯುಎಸ್‌ಬಿಯನ್ನು (ಪೆನ್‌ಡ್ರೈವಿನಿಂದಲೇ ಓಡುವ ಉಬುಂಟುವನ್ನು) ಯುಇಎಫ್‌ಐ ಮೋಡಿನಲ್ಲೇ ಬೂಟ್ ಮಾಡಿ, ಬೇರಾವುದನ್ನೂ ಮುಟ್ಟುವ ಮೊದಲು, ಲಕ್ಸನ್ನು ನಿಭಾಯಿಸುವ ಕ್ರಿಪ್ಟ್‌ಸೆಟಪ್‌ನ ಹೆಡರ್ ಬ್ಯಾಕಪ್ ಆಜ್ಞೆಯಿಂದ ಅದರ ಒಂದು ಪ್ರತಿಯನ್ನು ಇನ್ನೊಂದು ಪೆನ್‌ಡ್ರೈವಿಗೆ ತೆಗೆದುಕೊಳ್ಳುತ್ತೇನೆ. ಮುಂದೆ ಪಾಸ್‌ವರ್ಡ್ ಬದಲಾಯಿಸಿದರೂ ಈ ಪ್ರತಿ ಹಳೆಯ ಪಾಸ್‌ವರ್ಡಿಗೇ ತೆರೆದುಕೊಳ್ಳುವುದರಿಂದ, ಅದನ್ನು ಯಜಮಾನರ ಕೈಯಲ್ಲೇ ಕೊಡಬೇಕು.

ಅನಂತರ ಟರ್ಮಿನಲ್‌ನಲ್ಲಿ ಲಕ್ಸ್ ವಿಭಾಗವನ್ನು ತೆರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಫೈಲ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ಮೇಲೆ ಒತ್ತಿ ತೆರೆದರೆ ಅದು ‘ಲಕ್ಸ್’ ಎಂಬುದರ ಮುಂದೆ ಉದ್ದನೆಯ ಯುಯುಐಡಿ (ಆ ವಿಭಾಗದ ಗುರುತಿನ ಸಂಖ್ಯೆ) ಸೇರಿಸಿ ತನ್ನದೇ ಹೆಸರಿಡುತ್ತದೆ; ಆದರೆ ಯಾವ ವಿಭಾಗವನ್ನು ಯಾವ ಹೆಸರಿನಲ್ಲಿ ತೆರೆಯಬೇಕೆಂದು ಹೇಳುವ, ಯಂತ್ರದೊಳಗಿನ ಕ್ರಿಪ್ಟ್‌ಟ್ಯಾಬ್ ಕಡತದಲ್ಲಿ ಬೇರೆ ಹೆಸರಿರುತ್ತದೆ. ಇವೆರಡು ತಾಳೆಯಾಗದಿದ್ದರೆ ಇನಿಟ್‌ರಾಮ್‌ಎಫ್‌ಎಸ್ (ಕರ್ನೆಲ್ ಜೊತೆ ಮೊದಲು ಏಳುವ ಪುಟ್ಟ ವ್ಯವಸ್ಥೆ) ಮರುನಿರ್ಮಿಸುವಾಗ ಬೀಗ ತೆರೆಯುವ ವಿವರವೇ ಅದರೊಳಗೆ ಸೇರದೆ ಹೋಗಬಹುದು. ಆಗ ಗ್ರಬ್ ಸರಿಯಾಗಿದ್ದರೂ ಯಂತ್ರ ಪಾಸ್‌ವರ್ಡನ್ನೇ ಕೇಳದೆ, ಡಿಸ್ಕ್ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ಹೀಗಾಗಿ ಒಮ್ಮೆ ತೆರೆದು, ಕ್ರಿಪ್ಟ್‌ಟ್ಯಾಬ್‌ನ ಮೊದಲ ಪದವನ್ನು ಬರೆದುಕೊಂಡು, ಮುಚ್ಚಿ, ಅದೇ ಹೆಸರಿನಲ್ಲಿ ಮತ್ತೆ ತೆರೆಯುವುದು ನನ್ನ ಕ್ರಮ.

ಉಳಿದ ಕೆಲಸ ಬೇಗ ಮುಗಿಯುತ್ತದೆ. ಎಲ್‌ವಿಎಂ (ಬೀಗದೊಳಗಿನ ಜಾಗವನ್ನು ಹಂಚಿಡುವ ಏರ್ಪಾಡು) ಇದ್ದರೆ ಅದನ್ನು ಸಕ್ರಿಯಗೊಳಿಸಿ, ರೂಟ್, ಬೂಟ್, ಇಎಫ್‌ಐ ವಿಭಾಗಗಳನ್ನು ಅದೇ ಕ್ರಮದಲ್ಲಿ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್, ರನ್ ಕೋಶಗಳನ್ನು ಜೋಡಿಸಿ, ಸಿಎಚ್‌ರೂಟ್ ಆಜ್ಞೆಯ ಮೂಲಕ ಯಂತ್ರದ ಸ್ವಂತ ಉಬುಂಟುವಿನೊಳಗೆ ಹೋಗಿ, ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಪೂರ್ಣಗೊಳಿಸಿ, ಗ್ರಬ್ ಮತ್ತು ಇನಿಟ್‌ರಾಮ್‌ಎಫ್‌ಎಸ್ ಎರಡನ್ನೂ ಹೊಸದಾಗಿ ಕಟ್ಟಬೇಕು. ಬೂಟ್ ಕೋಶವನ್ನೂ ಎನ್‌ಕ್ರಿಪ್ಟ್ ಮಾಡಿದವರು ಇನ್ನೊಂದನ್ನು ಗಮನಿಸಬೇಕು: ಗ್ರಬ್ 2.06 ಲಕ್ಸ್ 2 ಅನ್ನು ಓದಬಲ್ಲದಾದರೂ ಪಿಬಿಕೆಡಿಎಫ್2 ಬಗೆಯ ಕೀಲಿಯನ್ನಷ್ಟೇ ತೆರೆಯುತ್ತದೆ. ಲಕ್ಸ್ 2ರ ರೂಢಿಯ ಆರ್ಗಾನ್2 ಕೀಲಿ ಅದಕ್ಕೆ ಅರ್ಥವಾಗುವುದಿಲ್ಲ.

ಎರಡು ಗಂಟೆಯ ಬಳಿಕ ಪರದೆಯಲ್ಲಿ ಪಾಸ್‌ವರ್ಡ್ ಕೇಳುವ ಚೌಕ ಮೂಡಿತು. ಲ್ಯಾಪ್‌ಟಾಪನ್ನು ಟೀಚರ್ ಕಡೆಗೆ ತಿರುಗಿಸಿ ನಾನು ಬಾಗಿಲ ಬಳಿಗೆ ಹೋಗಿ ನಿಂತೆ. ಅವರೇ ಅದನ್ನು ಟೈಪ್ ಮಾಡಿದರು.