ಪ್ರಿ-ಆಲ್ಜೀಬ್ರಾ, ಕ್ಲಾಸಿಕಲ್ ಕ್ರಿಶ್ಚಿಯನ್ ರೀತಿಯಲ್ಲಿ

ಅಮೆರಿಕದ ಶಾಲೆಗಳಲ್ಲಿ ಪ್ರಿ-ಆಲ್ಜೀಬ್ರಾ ಅಂದರೆ ಬೀಜಗಣಿತಕ್ಕೆ (ಆಲ್ಜೀಬ್ರಾ) ಮೊದಲಿನ ತಯಾರಿ, ಹೆಚ್ಚಾಗಿ ಏಳನೇ ಅಥವಾ ಎಂಟನೇ ತರಗತಿಯ ಗಣಿತ. ಋಣ ಸಂಖ್ಯೆ, ಭಿನ್ನರಾಶಿ, ಅನುಪಾತ, ಶೇಕಡಾ, ಸರಳ ಸಮೀಕರಣ ಎಲ್ಲ ಇದರಲ್ಲಿ ಬರುತ್ತವೆ. ನಮ್ಮಲ್ಲಿ ಇವೇ ಪಾಠಗಳು ಹಿರಿಯ ಪ್ರಾಥಮಿಕ ಹಂತದ ಗಣಿತ ಪುಸ್ತಕಗಳಲ್ಲಿ ಹಂಚಿಹೋಗಿವೆ, ಬೇರೆ ಹೆಸರಿಲ್ಲ ಅಷ್ಟೇ.

ಇನ್ನು ‘ಕ್ಲಾಸಿಕಲ್ ಕ್ರಿಶ್ಚಿಯನ್’ ಅನ್ನುವುದು ಯುರೋಪಿನ ಹಳೆಯ ಓದನ್ನು ಆಧರಿಸಿ ಕೆಲವು ಕ್ರೈಸ್ತ ಶಾಲೆಗಳು ಪಾಠ ಹೇಳುವ ಕ್ರಮ. ಆ ಹಳೆಯ ಓದಿನಲ್ಲಿ ಏಳು ವಿದ್ಯೆಗಳಿದ್ದವು. ಮೊದಲು ವ್ಯಾಕರಣ, ತರ್ಕ, ಮಾತುಗಾರಿಕೆ. ಆಮೇಲೆ ಅಂಕಗಣಿತ, ಜ್ಯಾಮಿತಿ, ಸಂಗೀತ, ಖಗೋಳ. 1947ರಲ್ಲಿ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ ಆಕ್ಸ್‌ಫರ್ಡ್‌ನಲ್ಲಿ ಒಂದು ಭಾಷಣ ಮಾಡಿದರು. ಮೊದಲ ಮೂರು ವಿದ್ಯೆಗಳನ್ನು ಅವರು ಮಕ್ಕಳ ವಯಸ್ಸಿಗೆ ಹೊಂದಿಸಿದರು. ಚಿಕ್ಕ ಮಕ್ಕಳಿಗೆ ಬಾಯಿಪಾಠ ಖುಷಿ. ಸ್ವಲ್ಪ ದೊಡ್ಡವರಾದ ಮೇಲೆ ಎಲ್ಲದಕ್ಕೂ ಎದುರು ವಾದ. ಅದೂ ದಾಟಿದ ಮೇಲೆ ತಮ್ಮದೇ ಮಾತಲ್ಲಿ ಹೇಳುವ ಆಸೆ. 1981ರಲ್ಲಿ ಅಮೆರಿಕದ ಐಡಾಹೊ ರಾಜ್ಯದ ಮಾಸ್ಕೋ ಎಂಬ ಊರಲ್ಲಿ ಲೋಗೋಸ್ ಶಾಲೆ ಇದೇ ದಾರಿಯಲ್ಲಿ ಶುರುವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಡಗ್ಲಸ್ ವಿಲ್ಸನ್ 1991ರಲ್ಲಿ ಬರೆದ ಪುಸ್ತಕದಿಂದ ಈ ಕ್ರಮ ಬೇರೆ ಶಾಲೆಗಳಿಗೂ, ಮನೆಯಲ್ಲೇ ಪಾಠ ಹೇಳುವ ಕುಟುಂಬಗಳಿಗೂ ಹರಡಿತು.

ಗಣಿತದ ಬಗ್ಗೆ ಸೇಯರ್ಸ್ ಹೇಳಿದ್ದು ಬಹಳ ಮುಖ್ಯ. ಬೀಜಗಣಿತ ಬರಬೇಕಾದ್ದು ಎರಡನೇ ಹಂತದಲ್ಲಿ, ಅಂದರೆ ಮಕ್ಕಳು ಎದುರು ವಾದ ಮಾಡುವ ವಯಸ್ಸಿನಲ್ಲಿ, ಅದೂ ಬೇರೆ ವಿಷಯವಾಗಿ ಅಲ್ಲ, ತರ್ಕದ್ದೇ ಒಂದು ಭಾಗವಾಗಿ. ಈ ಕ್ರಮದಲ್ಲಿ ಪ್ರಿ-ಆಲ್ಜೀಬ್ರಾಕ್ಕೆ ಅರ್ಥ ಬರುವುದೇ ಇಲ್ಲಿಂದ. ಹನ್ನೆರಡು ಹದಿಮೂರರ ಹುಡುಗಿ ‘ಯಾಕೆ’ ಅಂತ ಕೇಳಿದರೆ ಅದು ತರಲೆ ಅಲ್ಲ, ಅವತ್ತಿನ ಪಾಠವೇ ಅದು.

ಒಂದು ಉದಾಹರಣೆ ನೋಡೋಣ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಬರುತ್ತದೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ಸುಮ್ನೆ ಉರು ಹೊಡೆದವರು, ಅಲ್ವಾ? ಇಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ 4 + (−4) = 0 ಅಂತ ಬರೆಯುತ್ತಾರೆ. ಎರಡೂ ಕಡೆ −3ರಿಂದ ಗುಣಿಸಿ ಅನ್ನುತ್ತಾರೆ. ಬಲಗಡೆ ಸೊನ್ನೆಯೇ ಉಳಿಯುತ್ತದೆ. ಎಡಗಡೆ −3 × 4, ಅಂದರೆ −12. ಅದರ ಜೊತೆಗೆ (−3) × (−4). ಇವೆರಡೂ ಕೂಡಿದರೆ ಸೊನ್ನೆ ಆಗಲೇಬೇಕು. ಹಾಗಾದರೆ ಆ ಕೊನೆಯ ಗುಣಲಬ್ಧ ಎಷ್ಟಿರಬೇಕು? 12 ಬಿಟ್ಟು ಬೇರೆ ದಾರಿಯೇ ಇಲ್ಲ. ಈ ‘ಬೇರೆ ದಾರಿಯೇ ಇಲ್ಲ’ ಅನ್ನುವುದನ್ನು ಮಗು ತಾನೇ ಕಂಡುಕೊಳ್ಳಬೇಕು. ಆಮೇಲೆ ಪ್ರತಿ ಸಾಲಿಗೂ ಕಾರಣ ಹೇಳಬೇಕು. ಉತ್ತರ ಸರಿಯಿದ್ದರೂ ಕಾರಣ ಬರಲಿಲ್ಲ ಅಂದರೆ ಲೆಕ್ಕ ಮುಗಿದಿಲ್ಲ.

ಹಾಗಂತ ಬಾಯಿಪಾಠಕ್ಕೆ ಬೆಲೆ ಇಲ್ಲ ಅಂತಲ್ಲ. ಮಗ್ಗಿ ಗಟ್ಟಿಯಾಗಿರದ ಮಗು 7 × 8ರ ಹತ್ತಿರವೇ ತಡವರಿಸುತ್ತದೆ. ತರ್ಕದ ಕಡೆ ಅದರ ಗಮನ ಹೋಗುವುದೇ ಇಲ್ಲ. ಅದಕ್ಕೇ ಮಗ್ಗಿಯ ಕೆಲಸ ಮೊದಲ ಹಂತದಲ್ಲೇ ಮುಗಿದಿರಬೇಕು.

ಇದರಲ್ಲಿ ಕ್ರಿಶ್ಚಿಯನ್ ಏನು ಬಂತು? ಲೆಕ್ಕ ಬದಲಾಗುವುದಿಲ್ಲ. ಬದಲಾಗುವುದು ಅದನ್ನು ನೋಡುವ ಕಣ್ಣು. ದೇವರು ಎಲ್ಲವನ್ನೂ ಅಳತೆ, ಎಣಿಕೆ, ತೂಕದಿಂದ ಜೋಡಿಸಿದ ಅನ್ನುವ ಮಾತು ಕ್ಯಾಥೊಲಿಕ್ ಬೈಬಲ್ಲಿನ ಜ್ಞಾನಗ್ರಂಥದಲ್ಲಿದೆ. ಹಳೆಯ ಕಾಲದ ಕ್ರೈಸ್ತ ಚಿಂತಕ ಸಂತ ಆಗಸ್ಟೀನ್ ಅದನ್ನು ಮತ್ತೆ ಮತ್ತೆ ನೆನೆದವರು. ಏಳಕ್ಕೆ ಮೂರು ಕೂಡಿದರೆ ಹತ್ತು ಅನ್ನುವುದು ನಿನ್ನೆಯೂ ನಿಜ, ನಾಳೆಯೂ ನಿಜ, ಒಪ್ಪದವನಿಗೂ ನಿಜ. ಇಂಥ ಬದಲಾಗದ ಸತ್ಯ ಬದಲಾಗದ ದೇವರ ಕಡೆ ಕೈ ತೋರಿಸುತ್ತದೆ ಅನ್ನುವುದು ಅವರ ವಾದ. ಈ ಶಾಲೆಗಳ ನಂಬಿಕೆಯೂ ಅದೇ.

ಲೆಕ್ಕದ ಹಾಳೆಯ ಮೇಲೊಂದು ಬೈಬಲ್ ವಚನ ಅಚ್ಚು ಹಾಕಿ, ಕೆಳಗೆ ಮಾಮೂಲಿ ಐವತ್ತು ಲೆಕ್ಕ ಕೊಟ್ಟರೆ ಅದು ಈ ಕ್ರಮ ಆಗುವುದಿಲ್ಲ. ವಚನಕ್ಕೂ ಲೆಕ್ಕಕ್ಕೂ ಅಲ್ಲಿ ಸಂಬಂಧವೇ ಇರುವುದಿಲ್ಲ. ಮಗುವಿಗೆ ಶಾಲೆ ಹುಡುಕುವ ಅಪ್ಪ-ಅಮ್ಮಂದಿರು ಪಠ್ಯಪುಸ್ತಕದ ಹೆಸರು ಕೇಳುವುದಕ್ಕಿಂತ ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು ಒಳ್ಳೆಯದು. ಬೋರ್ಡಿನ ಹತ್ತಿರ ನಿಂತು ಕಾರಣ ಹೇಳುತ್ತಿರುವುದು ಯಾರು, ಮೇಷ್ಟ್ರಾ, ಮಕ್ಕಳಾ?